ಮೇಷ್ಟ್ರ ಅಂಚೆ: ಅಜ್ಜನ ಮಳೆ ಪುಸ್ತಕ, ಮೊಮ್ಮಗಳ ಅರ್ಜಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನವಳು, ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ 93 ಬಂದಿತ್ತು. ಈಗ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಶೇ 71. ಪರಿಸರ ವಿಜ್ಞಾನ ಓದುವ ಆಸೆಯಿದೆ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕು, ಆದರೆ ಅಂಕ ಮಾತ್ರ ಸಾಲದು, ಚಟುವಟಿಕೆಗಳೂ ಬೇಕು ಎಂದು ಅಲ್ಲಿರುವ ಚಿಕ್ಕಪ್ಪ ಹೇಳುತ್ತಾರೆ. ನನ್ನ ಬಳಿ ಇರುವುದು ಭಾಷಣ ಸ್ಪರ್ಧೆಯ ಎರಡು ಪ್ರಮಾಣಪತ್ರ. ಬೆಂಗಳೂರಿನ ಅತ್ತೆಯ ಮಗಳ ಬಳಿ ಒಂದು ಫೈಲ್ ತುಂಬ ಇವೆ. ಆನ್‌ಲೈನ್ ಸಂಸ್ಥೆಯೊಂದು 60,000 ರೂಪಾಯಿಗೆ ‘ಸಂಶೋಧನಾ ತರಬೇತಿ’ ಕೊಡುತ್ತದೆ, ಕಾಳುಮೆಣಸು ಮಾರಿದ ಮೇಲೆ ಕಟ್ಟೋಣ ಎನ್ನುತ್ತಾರೆ ಅಪ್ಪ. ಸೇರಲೇ? ನನಗೆ ಸಮಯವೂ ಕಡಿಮೆ. ಬೆಳಿಗ್ಗೆ ಮಳೆ ಅಳೆದು ಅಜ್ಜನ ಪುಸ್ತಕದಲ್ಲಿ ಬರೆದಿಟ್ಟು ಬಸ್ ಹಿಡಿಯಬೇಕು. ಅಜ್ಜ 1988ರಿಂದ ಬರೆಯುತ್ತಿದ್ದರು, ಅವರ ಕಣ್ಣು ಮಂಜಾದ ಮೇಲೆ, ಎಂಟನೇ ತರಗತಿಯಿಂದ, ನಾನೇ ಬರೆಯುತ್ತಿದ್ದೇನೆ.
— ಹೆಸರು ಬೇಡ

ಉತ್ತರ: ಮಗು, ನಿನ್ನ ಕಾಗದದ ಕೊನೆಯ ಸಾಲನ್ನು ಮೂರು ಸಲ ಓದಿದೆ. ಸಮಯವಿಲ್ಲ ಎನ್ನುವುದಕ್ಕೆ ನೆಪವಾಗಿ ಅದನ್ನು ಬರೆದಿದ್ದೀಯ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಅರವತ್ತು ಸಾವಿರದ ಮಾತು. ಕಟ್ಟಬೇಡ. ದುಡ್ಡು ಕಟ್ಟಿದವರಿಗೆಲ್ಲ ಸಿಗುವ ಪ್ರಮಾಣಪತ್ರ ನಿನ್ನ ಬಗ್ಗೆ ಹೇಳುವುದು ಒಂದೇ ಸಂಗತಿ: ನಿಮ್ಮ ಮನೆಯಲ್ಲಿ ಆ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು ಎಂದು. ಅಪ್ಪನಿಗೆ ಆ ದುಡ್ಡಿನಲ್ಲಿ ತೋಟಕ್ಕೆ ಗೊಬ್ಬರ ಹಾಕಿಸಲು ಹೇಳು.

ಇನ್ನು ಶೇ 71. ‘ಪ್ರಥಮ ಪಿಯು ಅಂಕ ಯಾರು ಕೇಳುತ್ತಾರೆ’ ಎನ್ನುವುದು ನಮ್ಮ ಕಡೆಯ ಗಾದೆ. ಮೂವತ್ತೊಂದು ವರ್ಷ ಭೌತಶಾಸ್ತ್ರ ಪಾಠ ಮಾಡಿದ ನಾನೂ ತರಗತಿಯಲ್ಲಿ ಇದನ್ನು ಹೇಳಿದವನೇ. ಸಿಇಟಿ ಮೂಲಕ ಎಂಜಿನಿಯರಿಂಗ್‌ಗೆ ಹೋಗುವವರಿಗೆ ಅದು ಸರಿ. ಅಲ್ಲಿ ದ್ವಿತೀಯ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಅಮೆರಿಕದವರು ಮಾತ್ರ ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ ನಾಲ್ಕೂ ವರ್ಷ ಕೇಳುತ್ತಾರೆ. ಅರ್ಜಿಯ ಗಡುವು ಬೇಗ ಹಾಕುವವರಿಗೆ ಸಾಮಾನ್ಯವಾಗಿ ನವೆಂಬರ್ 1, ಉಳಿದವರಿಗೆ ಜನವರಿ 1ರ ಆಸುಪಾಸು. ನಿನ್ನ ದ್ವಿತೀಯ ಪಿಯು ಫಲಿತಾಂಶ ಬರುವುದು ಏಪ್ರಿಲ್‌ಗೆ. ಅಂದರೆ ಅವರು ನಿರ್ಧಾರ ಮಾಡುವಾಗ ಅವರ ಮೇಜಿನ ಮೇಲಿರುವ ದೊಡ್ಡ ಅಂಕಪಟ್ಟಿ ಬರುವ ಫೆಬ್ರುವರಿಯ ವಾರ್ಷಿಕ ಪರೀಕ್ಷೆಯದೇ. ಅಲ್ಲಿ 71 ಇದ್ದದ್ದು 88 ಆದರೆ ಆ ಏರಿಕೆಯನ್ನೂ ಅವರು ನೋಡುತ್ತಾರೆ. ಯಾವ ವಿಷಯ ನಿನ್ನನ್ನು ಕೆಳಗೆ ಎಳೆಯಿತು ಎಂದು ನೀನು ಬರೆದಿಲ್ಲ. ನಾನು ಕಂಡಂತೆ ಈ ಹೊತ್ತಿಗೆ ಮಕ್ಕಳನ್ನು ಕೆಡವುವುದು ವೆಕ್ಟರ್ ಮತ್ತು ತ್ರಿಕೋನಮಿತಿ. ಅವೆರಡೂ ತಲೆಯಲ್ಲಿ ನಿಂತರೆ ಭೌತಶಾಸ್ತ್ರದ ಅರ್ಧ ತಾನಾಗಿ ನಿಲ್ಲುತ್ತದೆ.

ಈಗ ಮಳೆ ಪುಸ್ತಕ. ಬಹಳಷ್ಟು ಅಮೆರಿಕನ್ ಕಾಲೇಜುಗಳು ಒಪ್ಪುವ ‘ಕಾಮನ್ ಆ್ಯಪ್’ ಎಂಬ ಸಾಮಾನ್ಯ ಅರ್ಜಿಯಲ್ಲಿ ಹತ್ತು ಚಟುವಟಿಕೆಗೆ ಜಾಗವಿದೆ. ಒಂದೊಂದನ್ನೂ 150 ಅಕ್ಷರದೊಳಗೆ ವಿವರಿಸಬೇಕು, ನಡುವಿನ ಖಾಲಿ ಜಾಗವೂ ಸೇರಿ. ಹತ್ತನ್ನೂ ತುಂಬಬೇಕೆಂಬ ನಿಯಮವಿಲ್ಲ. ಮನೆಯ ಕೆಲಸ, ತೋಟದ ಕೆಲಸ, ತಮ್ಮನನ್ನು ನೋಡಿಕೊಳ್ಳುವುದು ಎಲ್ಲಕ್ಕೂ ಅಲ್ಲಿ ಅವಕಾಶವಿದೆ. ಎಂಟನೇ ತರಗತಿಯಿಂದ ಒಂದು ದಿನವೂ ತಪ್ಪಿಸದೆ ಮಳೆ ಅಳೆದದ್ದು ಚಟುವಟಿಕೆ ಅಲ್ಲದಿದ್ದರೆ ಇನ್ನಾವುದು? (ತಪ್ಪಿಸಿದ ದಿನಗಳಿದ್ದರೆ ತಪ್ಪಿಸಿದೆ ಎಂದೇ ಬರೆ. ಖಾಲಿ ಬಿಟ್ಟ ದಿನವನ್ನು ಸೊನ್ನೆ ಎಂದು ತುಂಬಿದರೆ ಪುಸ್ತಕವೇ ಕೆಟ್ಟಿತು.)

ಆದರೆ ಪುಸ್ತಕ ಬೀರುವಿನಲ್ಲೇ ಇದ್ದರೆ ಪ್ರಯೋಜನವಿಲ್ಲ. ದಸರಾ ರಜೆ, ಬೇಸಿಗೆ ರಜೆಯಲ್ಲಿ ಕುಳಿತು ಕಂಪ್ಯೂಟರಿಗೆ ಏರಿಸು. ಅಜ್ಜ ಖಂಡಿತ ಇಂಚು, ಸೆಂಟಿನಲ್ಲಿ ಬರೆದಿರುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿಲಿಮೀಟರ್. ಮಳೆಮಾಪಕದ ಜಾಗ ಬದಲಾಗಿತ್ತೇ, ಮೇಲೆ ಮರ ಬೆಳೆದಿತ್ತೇ ಎಂದು ಅಜ್ಜನನ್ನು ಕೇಳಿ ಗುರುತು ಮಾಡಿಕೋ. ಅವರು ಇರುವಾಗಲೇ ಕೇಳಬೇಕಾದ ಮಾತು ಅದು. ಆಮೇಲೆ ಒಂದೇ ಒಂದು ಪ್ರಶ್ನೆ ಇಟ್ಟುಕೋ. ರೊಬಸ್ಟಾ ಕಾಫಿಗೆ ಹೂಮಳೆ, ಅಂದರೆ ಹೂ ಅರಳಿಸುವ ಮೊದಲ ಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು-ಮೂರು ವಾರ ಬಿಟ್ಟು ಹೂವನ್ನು ಕಾಯಿಗೆ ನಿಲ್ಲಿಸುವ ಎರಡನೇ ಮಳೆ, ‘ಬ್ಯಾಕಿಂಗ್ ಮಳೆ’, ಬರದಿದ್ದರೆ ಕಾಯಿ ಕಚ್ಚುವುದಿಲ್ಲ. ನಿಮ್ಮ ತೋಟದಲ್ಲಿ ವರ್ಷದ ಮೊದಲ ಒಂದು ಇಂಚಿನ ಮಳೆ ಯಾವ ತಾರೀಕಿಗೆ ಬೀಳುತ್ತಿತ್ತು, ಈಗ ಯಾವ ತಾರೀಕಿಗೆ? ಹಿಂದೆ ಸರಿದಿದೆಯೋ ಮುಂದೆ ಹೋಗಿದೆಯೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಹಾಗಾಗಿಯೇ ಅದು ಪ್ರಶ್ನೆ. ‘ಹವಾಮಾನ ಬದಲಾವಣೆ’ ಎಂದು ಮೊದಲೇ ತಲೆಬರಹ ಬರೆದಿಟ್ಟು ಅದಕ್ಕೆ ಲೆಕ್ಕ ಹೊಂದಿಸಬೇಡ. ಏನೂ ಬದಲಾಗಿಲ್ಲ ಎಂದು ಬಂದರೆ ಹಾಗೆಯೇ ಬರೆ. ಹೋಲಿಸಿ ನೋಡಲು ಮೂಡಿಗೆರೆಯ ತೋಟಗಾರಿಕಾ ಕಾಲೇಜಿನಲ್ಲಿ ಕೇಳು. ಬಾಳೆಹೊನ್ನೂರಿನ ಹತ್ತಿರದ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ, ಅಲ್ಲಿಗೂ ಒಂದು ಪತ್ರ ಹಾಕು. ಯಾರೋ ಒಬ್ಬರು ಉತ್ತರಿಸುತ್ತಾರೆ. 60,000 ರೂಪಾಯಿಯ ತರಬೇತಿ ಇಲ್ಲಿ ಅಂಚೆ ಖರ್ಚಿಗೆ ಮುಗಿಯುತ್ತದೆ.

ಇದರಿಂದ ಸೀಟು ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುತ್ತಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವು ಸಂಸ್ಥೆಗಳು ಮಾತ್ರ ವಿದೇಶಿ ವಿದ್ಯಾರ್ಥಿಯ ಮನೆಯ ಹಣದ ಸ್ಥಿತಿ ನೋಡದೆ ಆರಿಸಿ, ಆರಿಸಿದ ಮೇಲೆ ಅಗತ್ಯದಷ್ಟೂ ನೆರವು ಕೊಡುತ್ತವೆ. ಅಲ್ಲಿ ನೂಕುನುಗ್ಗಲು ವಿಪರೀತ. ಉಳಿದ ಬಹುಪಾಲು ಕಡೆ ನೆರವು ಕೇಳಿದವರನ್ನು ಇನ್ನಷ್ಟು ಸೋಸುತ್ತಾರೆ. ಚಿಕ್ಕಪ್ಪ ಇದನ್ನು ಹೇಳಿದ್ದಾರೋ ಇಲ್ಲವೋ. ಎಂಐಟಿಯಂಥ ಕಡೆ 1600 ಅಂಕದ ಸ್ಯಾಟ್ ಅಥವಾ ಅದರಂಥದೇ ಎಸಿಟಿ ಪ್ರವೇಶ ಪರೀಕ್ಷೆಯೂ ಕಡ್ಡಾಯ. ಆದ್ದರಿಂದ ಇಲ್ಲಿನ ಬಾಗಿಲು ಮುಚ್ಚಿಕೊಳ್ಳಬೇಡ. ಐಸರ್ ಎಂಬ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆಗಳಿಗೆ ಐಎಟಿ ಎಂಬ ಪ್ರವೇಶ ಪರೀಕ್ಷೆ ಇದೆ, ಅವರಿಗೆ ಫೈಲ್ ಬೇಕಿಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಪರೀಕ್ಷೆಯ ಜೊತೆ ಸಂದರ್ಶನ, ಅಲ್ಲಿ ಮಳೆ ಪುಸ್ತಕದ ಬಗ್ಗೆ ಅರ್ಧ ಗಂಟೆ ಮಾತನಾಡಬಹುದು. ಪೊನ್ನಂಪೇಟೆ, ಶಿರಸಿಯ ಅರಣ್ಯ ಕಾಲೇಜುಗಳಿಗೆ ಸಿಇಟಿ ಸಾಕು. ಕೃಷಿಕರ ಮಕ್ಕಳಿಗೆ ಅಲ್ಲಿ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ.

ಶಿಫಾರಸು ಪತ್ರದ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳಬೇಕು. ಹಿಂದೊಮ್ಮೆ ಮೂವರು ವಿದ್ಯಾರ್ಥಿಗಳಿಗೆ ಒಂದೇ ಪತ್ರವನ್ನು ಹೆಸರು ಬದಲಿಸಿ ಬರೆದುಕೊಟ್ಟೆ. ಅವರಲ್ಲಿ ಒಬ್ಬಳು ಹುಡುಗಿ. ಮೂರನೇ ಪ್ಯಾರಾದಲ್ಲಿ ‘ಅವನು’ ಹಾಗೆಯೇ ಉಳಿದಿತ್ತು. ಅವಳು ನೋಡಿದಳು, ಏನೂ ಹೇಳದೆ ಥ್ಯಾಂಕ್ಸ್ ಸರ್ ಎಂದು ಹೋದಳು. ಎರಡು ವರ್ಷ ಮುಂದಿನ ಬೆಂಚಿನಲ್ಲಿ ಕುಳಿತವಳ ಬಗ್ಗೆ ನನಗೆ ಬರೆಯಲು ಏನೂ ಗೊತ್ತಿರಲಿಲ್ಲ. ಅಮೆರಿಕದ ಅರ್ಜಿಗೆ ನಿನಗೆ ಸಾಮಾನ್ಯವಾಗಿ ಇಬ್ಬರು ಉಪನ್ಯಾಸಕರ ಪತ್ರ ಬೇಕಾಗುತ್ತದೆ, ಪ್ರಾಂಶುಪಾಲರದೂ ಒಂದು. ಈಗಲೇ ಜೀವಶಾಸ್ತ್ರದ ಮೇಷ್ಟ್ರಿಗೋ ಮೇಡಂಗೋ ಪುಸ್ತಕ ತೋರಿಸಿ, ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡಾಗ ಹೋಗಿ ಕೇಳು. ಮುಂದಿನ ಅಕ್ಟೋಬರ್‌ನಲ್ಲಿ ಕಾಗದ ಹಿಡಿದು ನಿಂತರೆ ಅವರೂ ನನ್ನಂತೆಯೇ ಮಾಡಿಯಾರು.

ಕಾಮನ್ ಆ್ಯಪ್ ಕೇಳುವ 650 ಪದದೊಳಗಿನ ಪ್ರಬಂಧ ಬೇಸಿಗೆಯ ಕೆಲಸ, ಈಗ ತಲೆ ಕೆಡಿಸಿಕೊಳ್ಳಬೇಡ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಬರೀ ಇನಿಷಿಯಲ್ ಇದ್ದು ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಬಂದರೆ ಮುಂದೆ ಅಲೆದಾಟ ತಪ್ಪಿದ್ದಲ್ಲ. ನೆರವಿನ ಅರ್ಜಿಗೆ ಮನೆಯ ಆದಾಯದ ದಾಖಲೆ ಕೇಳುತ್ತಾರೆ, ನಾಡಕಚೇರಿಯ ಆದಾಯ ಪ್ರಮಾಣಪತ್ರ ಸಿದ್ಧವಿರಲಿ.

ಮಾರ್ಚಿನಲ್ಲಿ ಹೂಮಳೆ ಬಿದ್ದ ದಿನ ಎಷ್ಟು ಸೆಂಟ್ ಬಿತ್ತು ಎಂದು ನನಗೊಂದು ಕಾರ್ಡ್ ಹಾಕು. ಪರೀಕ್ಷೆಯಲ್ಲಿ ಎಷ್ಟು ಬಂತೆಂದೂ ಅದರಲ್ಲೇ ಬರೆ.