ನಿಂಬೆಹಣ್ಣಿನ ಬ್ಯಾಟರಿಯಿಂದ ಎಲ್‌ಇಡಿ ಉರಿಯದಿದ್ದರೆ

ಎರಡು ನಿಂಬೆಹಣ್ಣು, ಮೊಳೆ ಮತ್ತು ತಾಮ್ರದ ತಂತಿ ಬಳಸಿದ ನಿಮ್ಮ ಶಾಲಾ ಪ್ರಾಜೆಕ್ಟಿನಲ್ಲಿ ಕೆಂಪು ಎಲ್‌ಇಡಿ (ಪುಟ್ಟ ದೀಪ) ಏಕೆ ಉರಿಯುತ್ತಿಲ್ಲ ಎಂದು ಕೇಳಿದ್ದೀರಿ. ವೋಲ್ಟೇಜ್ ಸಾಲದಿರುವುದೇ ಬಹುಮಟ್ಟಿಗೆ ಕಾರಣ. ಸತು ಮತ್ತು ತಾಮ್ರ ಚುಚ್ಚಿದ ಒಂದು ಹಣ್ಣು ಸುಮಾರು 0.9 ವೋಲ್ಟ್ ಕೊಡುತ್ತದೆ. ಕೆಂಪು ಎಲ್‌ಇಡಿಗೆ ಹತ್ತಿರ ಹತ್ತಿರ 1.8 ವೋಲ್ಟ್ ಬೇಕು; ಎರಡು ಹಣ್ಣು ಸೇರಿದರೂ ಅಷ್ಟೇ ಆಗುತ್ತದೆ, ಅಲ್ಲದೆ ಎಲ್‌ಇಡಿ ಜೋಡಿಸಿದ ಕೂಡಲೇ ಹಣ್ಣಿನ ಒಳರೋಧದಿಂದಾಗಿ (ವಿದ್ಯುತ್ ಹರಿವಿಗೆ ಹಣ್ಣಿನೊಳಗೇ ಇರುವ ಅಡ್ಡಿ) ಹಣ್ಣುಗಳು ಕೊಡುವ ವೋಲ್ಟೇಜ್ ಕುಸಿಯುತ್ತದೆ.

ಮೊದಲು ಮೊಳೆಯನ್ನು ಪರೀಕ್ಷಿಸಿ. ಅದು ಸತು ಲೇಪಿತವೋ ಬರಿಯ ಕಬ್ಬಿಣವೋ ಎಂಬುದು ನಿಮ್ಮ ಪ್ರಶ್ನೆಯಿಂದ ತಿಳಿಯುತ್ತಿಲ್ಲ. ಬರಿಯ ಕಬ್ಬಿಣವಾದರೆ ಬದಲಾಯಿಸಿ. ತಾಮ್ರದ ತಂತಿಯನ್ನು ಹೊಳಪು ಕಾಣುವವರೆಗೆ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಆದರೆ ಮೊಳೆಯನ್ನು ಉಜ್ಜಬೇಡಿ, ಲೇಪನ ಕಿತ್ತುಹೋಗುತ್ತದೆ. ನಂತರ ನಾಲ್ಕು ಹಣ್ಣುಗಳನ್ನು ಅಂಗೈಯಡಿ ಒತ್ತಿ ಉರುಳಿಸಿ ಮೆತ್ತಗೆ ಮಾಡಿಕೊಂಡು, ಪ್ರತಿಯೊಂದಕ್ಕೂ ಮೊಳೆ ಮತ್ತು ತಂತಿಯನ್ನು ಒಳಗೆ ಒಂದಕ್ಕೊಂದು ತಾಗದಂತೆ ಚುಚ್ಚಿ, ಒಂದು ಹಣ್ಣಿನ ತಾಮ್ರವನ್ನು ಮುಂದಿನ ಹಣ್ಣಿನ ಮೊಳೆಗೆ ಸಾಲಾಗಿ ಜೋಡಿಸಿ. ಕೊನೆಯಲ್ಲಿ ಉಳಿಯುವ ತಾಮ್ರದ ತುದಿ ಎಲ್‌ಇಡಿಯ ಉದ್ದ ಕಾಲಿಗೆ, ಮೊಳೆಯ ತುದಿ ಗಿಡ್ಡ ಕಾಲಿಗೆ ಸೇರಬೇಕು; ತಿರುಗುಮುರುಗಾದರೆ ಎಷ್ಟು ಹಣ್ಣಿದ್ದರೂ ಬೆಳಕು ಬರುವುದಿಲ್ಲ.

ಬೆಳಕು ಬಹಳ ಮಂದವಾಗಿರುವುದರಿಂದ ಕತ್ತಲೆ ಕೋಣೆಯಲ್ಲಿ ನೋಡಿ. ಪ್ರದರ್ಶನದ ದಿನ ಎಲ್‌ಇಡಿಯ ಸುತ್ತ ಕಪ್ಪು ಕಾಗದದ ಕೊಳವೆ ಇಟ್ಟರೆ ನೋಡುವವರಿಗೂ ಕಾಣುತ್ತದೆ. ಆಗಲೂ ಉರಿಯದಿದ್ದರೆ, ಶಾಲೆಯ ಮಲ್ಟಿಮೀಟರಿನಿಂದ ಒಂದೊಂದೇ ಹಣ್ಣನ್ನು ಅಳೆದು, 0.9ಕ್ಕಿಂತ ತೀರಾ ಕಡಿಮೆ ತೋರಿಸುವುದರ ಜೋಡಣೆಯನ್ನು ಬಿಚ್ಚಿ ಸರಿಪಡಿಸಿ. ಲೋಹ ಕರಗಿರುವುದರಿಂದ ಆ ಹಣ್ಣುಗಳನ್ನು ಆಮೇಲೆ ಪಾನಕಕ್ಕೆ ಬಳಸಬೇಡಿ.