ಹಳೆಯ ಬೈಕಿಗೆ ಪಿಸ್ಟನ್ ರಿಂಗ್ ಸಿಗದಿದ್ದರೆ ಏನು ಮಾಡುವುದು?

ಕಂಪನಿ ಮುಚ್ಚಿದೆ, ಆ ಮಾಡೆಲ್ ಹೆಸರಲ್ಲಿ ರಿಂಗ್ ಸಿಗುತ್ತಿಲ್ಲ, ಅಲ್ವಾ? ಹೆಸರು ಬಿಡಿ, ಅಳತೆ ಹಿಡಿದು ಹುಡುಕಿ. ಸಿಲಿಂಡರ್ ಬೋರ್ (ಒಳವ್ಯಾಸ), ರಿಂಗಿನ ದಪ್ಪ, ಒಳಅಂಚಿನಿಂದ ಹೊರಅಂಚಿನವರೆಗಿನ ಅಗಲ. ಇವು ಹೊಂದಿದರೆ ಬೇರೆ ಎಂಜಿನ್ನಿನ ರಿಂಗ್ ಆದರೂ ನಡೆಯುತ್ತದೆ, ಕಾರಿನದ್ದಾದರೂ ಸರಿ.

ಬೋರ್ ಅಳೆಯದೆ ಸುಮ್ನೆ ಆರ್ಡರ್ ಮಾಡಬೇಡಿ. ಹಿಂದೆ ಯಾರೋ ಸಿಲಿಂಡರನ್ನು ಕೊರೆಸಿ ಅಗಲ ಮಾಡಿಸಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ (ಮೂಲ ಅಳತೆಗಿಂತ ದೊಡ್ಡ) ಪಿಸ್ಟನ್ ಹಾಕಿರಬಹುದು.

ಹೊಸ ರಿಂಗನ್ನು ಮೊದಲು ಬರೀ ಸಿಲಿಂಡರಿಗೆ ಇಳಿಸಿ. ಪಿಸ್ಟನ್ನಿನ ತಲೆಯಿಂದ ನೇರವಾಗಿ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪನ್ನು ಫೀಲರ್ ಗೇಜಿನಲ್ಲಿ (ಸಂದಿ ಅಳೆಯುವ ತೆಳು ಪಟ್ಟಿಗಳಲ್ಲಿ) ನೋಡಿ. ಏರ್ ಕೂಲ್ಡ್ ಎಂಜಿನ್ನಿಗೆ, 70 ಮಿ.ಮೀ. ಬೋರಾದರೆ, ಸುಮಾರು 0.3 ಮಿ.ಮೀ. ಇರಲಿ. ಕಡಿಮೆಯಿದ್ದರೆ ಅರದಿಂದ ಉಜ್ಜಬಹುದು. ತೀರಾ ಜಾಸ್ತಿಯಿದ್ದರೆ ಆ ರಿಂಗ್ ಬೇಡ. ಟೂ ಸ್ಟ್ರೋಕ್‌ನಲ್ಲಿ ಇನ್ನೊಂದು ತಲೆನೋವು: ರಿಂಗಿನ ತುದಿಗಳು ಪಿಸ್ಟನ್ನಿನ ಗ್ರೂವ್‌ನಲ್ಲಿ (ರಿಂಗ್ ಕೂರುವ ಗಾಡಿಯಲ್ಲಿ) ರಿಂಗ್ ತಿರುಗದಂತೆ ತಡೆಯುವ ಪಿನ್ನಿಗೂ ಹೊಂದಬೇಕು.