ಓದುಗರ ಪ್ರಶ್ನೆ: ಮನೆಯ ಪೋಕರ್‌ಗೆ ಎಂಥ ಪ್ಲಾಸ್ಟಿಕ್ ಎಲೆ ಕೊಳ್ಳಬೇಕು?

ಈ ಸಲ ಬಂದ ಪತ್ರಗಳಲ್ಲಿ ಇಸ್ಪೀಟ್ ಎಲೆಗಳ ಬಗ್ಗೆ ಕೇಳಿದವರೇ ಜಾಸ್ತಿ. ಅದರಲ್ಲೂ ಮನೆಯಲ್ಲಿ ಗೆಳೆಯರ ಜೊತೆ ಪೋಕರ್ ಆಡುವವರು. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ವಾರಕ್ಕೊಮ್ಮೆ ಆರು ಜನ ಸೇರಿ ನಮ್ಮ ಮನೆಯಲ್ಲಿ ಪೋಕರ್ ಆಡುತ್ತೇವೆ. ಡಬ್ಬಿಯ ಮೇಲೆ ‘ಪ್ಲಾಸ್ಟಿಕ್ ಕೋಟೆಡ್’ ಅಂತ ಇದ್ದ ಪ್ಯಾಕ್ ತಂದೆ. ಎರಡೇ ತಿಂಗಳಿಗೆ ಮೂಲೆ ಮುದುರಿ, ಅಂಚು ಪದರ ಪದರವಾಗಿ ಬಿಚ್ಚಿಕೊಂಡಿದೆ. ಪ್ಲಾಸ್ಟಿಕ್ ಎಲೆ ವರ್ಷಗಟ್ಟಲೆ ಬರುತ್ತೆ ಅಂತಾರಲ್ಲ, ನನಗೆ ಯಾಕೆ ಹೀಗಾಯ್ತು?

ನೀವು ತಂದಿದ್ದು ಪ್ಲಾಸ್ಟಿಕ್ ಎಲೆಯಲ್ಲ, ಕಾಗದದ ಎಲೆ. ‘ಪ್ಲಾಸ್ಟಿಕ್ ಕೋಟೆಡ್’ ಅಂದರೆ ಕಾಗದದ ಮೇಲೆ ತೆಳ್ಳಗೆ ಒಂದು ಲೇಪ, ಅಷ್ಟೇ. ಬೆವರು, ತೇವ ಅಂಚಿನಿಂದ ಒಳಗೆ ಇಳಿದರೆ ಪದರ ಬಿಡಲೇಬೇಕು. ನಿಮಗೆ ಬೇಕಿರೋದು ಡಬ್ಬಿಯ ಮೇಲೆ ‘100% ಪ್ಲಾಸ್ಟಿಕ್’ ಅಂತ ಸ್ಪಷ್ಟವಾಗಿ ಬರೆದಿರುವ ಪ್ಯಾಕ್. ಈ ಎರಡು ಮಾತಿನ ನಡುವೆ ತುಂಬಾ ವ್ಯತ್ಯಾಸವಿದೆ. ಎಷ್ಟೋ ಜನ ಅಲ್ಲೇ ಮೋಸ ಹೋಗ್ತಾರೆ.

ಪೂರ್ತಿ ಪ್ಲಾಸ್ಟಿಕ್ ಎಲೆಗಳಲ್ಲೂ ಮುಖ್ಯವಾಗಿ ಎರಡು ಜಾತಿ. ಒಂದು ಪಿವಿಸಿ. ಬ್ರೆಜಿಲ್‌ನಲ್ಲಿ 1908ರಲ್ಲಿ ಶುರುವಾದ ಕೊಪಾಗ್ ಕಂಪನಿಯ ಪ್ಲಾಸ್ಟಿಕ್ ಎಲೆಗಳು ಈ ಜಾತಿಯವು. ನುಣುಪಾಗಿರುತ್ತವೆ, ಮೇಜಿನ ಮೇಲೆ ಸರ್ರನೆ ಜಾರುತ್ತವೆ. ಇನ್ನೊಂದು ಸೆಲ್ಯುಲೋಸ್ ಅಸಿಟೇಟ್. ಅಮೆರಿಕದ ಕೆಮ್ ಎಲೆಗಳು 1930ರ ದಶಕದಿಂದ ಇದಕ್ಕೇ ಹೆಸರುವಾಸಿ. ಇವು ಕೈಗೆ ಸ್ವಲ್ಪ ಕಾಗದದ ಹಾಗೆ ಅನ್ನಿಸುತ್ತವೆ, ಬಗ್ಗಿಸಿ ಬಿಟ್ಟರೆ ಬೇಗ ನೆಟ್ಟಗಾಗುತ್ತವೆ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಕಾಗದದ ಎಲೆ ಆಡಿ ಅಭ್ಯಾಸ ಆದವರಿಗೆ ಎರಡನೆಯದು ಬೇಗ ಹಿಡಿಸುತ್ತೆ. ಹಾಗಂತ ಪಿವಿಸಿ ಕಡಿಮೆ ದರ್ಜೆಯದು ಅಂದುಕೊಳ್ಳಬೇಡಿ. ವಾರಕ್ಕೊಂದು ಆಟಕ್ಕೆ ಒಳ್ಳೆಯ ಪಿವಿಸಿ ಪ್ಯಾಕ್ ಧಾರಾಳವಾಗಿ ಸಾಕು.

ಆದರೆ ಬಾಳಿಕೆಗಿಂತ ದೊಡ್ಡ ವಿಷಯ ಒಂದಿದೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನ ಉತ್ತರಗಳೆಲ್ಲ ಅದರ ಮೇಲೇ ನಿಂತಿವೆ. ಪೋಕರ್‌ನಲ್ಲಿ ಎಲೆಯ ಬೆನ್ನು ನೋಡಿ ಅದು ಯಾವ ಎಲೆ ಅಂತ ಯಾರಿಗೂ ಗೊತ್ತಾಗಬಾರದು. 52 ಎಲೆಗಳ ಬೆನ್ನೂ ಒಂದೇ ಥರ ಇರಬೇಕು, ಮೊದಲ ದಿನವೂ, ಎರಡು ವರ್ಷ ಆದ ಮೇಲೂ. ನಮ್ಮ ಮನೆಯಲ್ಲಿ ಒಂದು ರಾತ್ರಿ ಆಟದ ಮಧ್ಯೆ ಇಸ್ಪೀಟ್ ಎಕ್ಕದ ಬೆನ್ನಿನ ಮೇಲೆ ನನ್ನ ಕಣ್ಣು ಬಿತ್ತು. ಬಲ ಮೂಲೆಯ ಹತ್ತಿರ ಉಗುರು ಒತ್ತಿದ ಗುರುತು, ಅರ್ಧ ಚಂದ್ರದ ಹಾಗೆ, ಅಕ್ಕಿ ಕಾಳಿಗಿಂತ ಚಿಕ್ಕದು. ಯಾರೂ ಬೇಕಂತ ಮಾಡಿದ್ದಲ್ಲ. ಎಲೆಯ ತುದಿ ಎತ್ತಿ ನೋಡುವಾಗ ಯಾರದೋ ಹೆಬ್ಬೆರಳಿನ ಉಗುರು ತಾಗಿದೆ, ಕಾಗದ ಅದನ್ನು ಹಾಗೇ ಉಳಿಸಿಕೊಂಡಿದೆ. ಆದರೆ ಒಮ್ಮೆ ಕಂಡ ಮೇಲೆ ಕಾಣದ ಹಾಗೆ ಇರೋಕಾಗಲ್ಲ. ಎದುರಿನವರ ಕೈಗೆ ಆ ಎಲೆ ಹೋದಾಗ ನನಗೆ ಗೊತ್ತಾಗುತ್ತಿತ್ತು. ಆಟ ನಿಲ್ಲಿಸಿ ಎಲ್ಲರಿಗೂ ತೋರಿಸಿದೆ. ನಾವು ಪೂರ್ತಿ ಪ್ಲಾಸ್ಟಿಕ್‌ಗೆ ಬದಲಾಗಿದ್ದು ಆ ವಾರವೇ.

ಪ್ರಶ್ನೆ: ಅಗಲದ ಎಲೆ, ಕಿರಿದಾದ ಎಲೆ ಅಂತ ಎರಡು ಅಳತೆ ಇವೆಯಂತೆ. ಅಂಕಿ ದೊಡ್ಡದಾಗಿರುವ ‘ಜಂಬೋ’ ಬೇರೆ. ನಮ್ಮಲ್ಲಿ ಎಂಟು ಜನ ಆಡುತ್ತಾರೆ, ಇಬ್ಬರಿಗೆ ಕಣ್ಣು ಮಂಜು. ಯಾವುದು ತಗೊಳ್ಳಲಿ?

ಪೋಕರ್ ಅಳತೆ ಎರಡೂವರೆ ಇಂಚು ಅಗಲ, ಬ್ರಿಡ್ಜ್ ಅಳತೆ ಎರಡೂಕಾಲು ಇಂಚು. ಉದ್ದ ಎರಡಕ್ಕೂ ಮೂರೂವರೆ ಇಂಚೇ. ಕಾಲು ಇಂಚಲ್ಲಿ ಏನಾಗುತ್ತೆ ಅನ್ನಿಸಬಹುದು, ಕೈಯಲ್ಲಿ ಹಿಡಿದರೆ ತಿಳಿಯುತ್ತೆ. ಪೂರ್ತಿ ಪ್ಲಾಸ್ಟಿಕ್ ಎಲೆ ನುಣುಪು. ಅಗಲದ ಪ್ಯಾಕನ್ನು ಚಿಕ್ಕ ಕೈಯವರು ಕಲಸಲು ಹೋದರೆ ಎಲೆಗಳು ಜಾರಿ ಬೀಳುತ್ತವೆ, ಬಿದ್ದ ಎಲೆಯ ಮುಖ ಕಾಣುತ್ತೆ, ಮತ್ತೆ ಹಂಚಬೇಕು. ಹೆಸರು ಬ್ರಿಡ್ಜ್ ಅಂತಿದ್ದರೂ ಪೋಕರ್‌ಗೆ ಅದನ್ನು ಬಳಸುವವರು ಬೇಕಾದಷ್ಟು ಜನ ಇದ್ದಾರೆ. ಒಬ್ಬೊಬ್ಬರಿಗೆ ನಾಲ್ಕು ಎಲೆ ಹಂಚುವ ಒಮಾಹಾ ಅನ್ನುವ ಪೋಕರ್ ಬಗೆ ಆಡುವವರಿಗಂತೂ ಕಿರಿದೇ ಸುಲಭ. ಎಲ್ಲರೂ ಸರದಿ ಪ್ರಕಾರ ಹಂಚುವ ಮನೆ ಆಟಕ್ಕೆ ನನ್ನ ಮತ ಬ್ರಿಡ್ಜ್ ಅಳತೆಗೇ.

ಇನ್ನು ಅಂಕಿಯ ವಿಷಯ. ಇಲ್ಲಿ ಸ್ವಲ್ಪ ಯೋಚನೆ ಮಾಡಬೇಕು. ಟೆಕ್ಸಾಸ್ ಹೋಲ್ಡೆಮ್ ಅನ್ನುವ ಪೋಕರ್ ಬಗೆಯಲ್ಲಿ ಐದು ಎಲೆ ಮೇಜಿನ ನಡುವೆ ಬಿಚ್ಚಿಟ್ಟಿರುತ್ತವೆ, ಎರಡು ಎಲೆ ನಿಮ್ಮ ಅಂಗೈ ಕೆಳಗೆ. ನಡುವಿನ ಎಲೆ ದೂರಕ್ಕೆ ಕಾಣಬೇಕು, ಕೈಯಲ್ಲಿರೋದು ಪಕ್ಕದವರಿಗೆ ಕಾಣಬಾರದು. ಒಂದೇ ಅಂಕಿ ಎರಡೂ ಕೆಲಸ ಮಾಡಬೇಕು. ಜಂಬೋ ಅಂಕಿ ಮೊದಲನೆಯದಕ್ಕೆ ಒಳ್ಳೆಯದು. ಎರಡನೆಯದಕ್ಕೆ ತೊಂದರೆ, ಯಾಕಂದರೆ ಅಂಕಿ ಪೂರ್ತಿ ಕಾಣಬೇಕಾದರೆ ಮೂಲೆಯನ್ನು ಜಾಸ್ತಿ ಎತ್ತಬೇಕು. ಜಾಸ್ತಿ ಎತ್ತಿದಷ್ಟೂ ಎಲೆ ಬಗ್ಗುತ್ತೆ, ಪಕ್ಕದವರ ಕಣ್ಣಿಗೂ ಬೀಳುತ್ತೆ.

ಎಂಟು ಜನ ಅಂದರೆ ಮೇಜು ಉದ್ದ ಇರುತ್ತೆ, ಕಣ್ಣು ಮಂಜಾದವರೂ ಇದ್ದಾರೆ. ನೀವು ಜಂಬೋ ತಗೊಳ್ಳಿ. ಆದರೆ ಎಲೆಯನ್ನು ಎರಡೂ ಕೈಯಿಂದ ಮುಚ್ಚಿ, ಮೇಜಿಗೆ ತಾಗಿಸಿಯೇ ಮೂಲೆ ಎತ್ತಿ ನೋಡುವುದನ್ನು ಎಲ್ಲರಿಗೂ ರೂಢಿ ಮಾಡಿಸಿ. ನಾಲ್ಕು ಬಣ್ಣದ ಪ್ಯಾಕ್ ಸಿಕ್ಕಿದರೆ ಅದನ್ನೂ ನೋಡಿ. ಅದರಲ್ಲಿ ಸಾಮಾನ್ಯವಾಗಿ ಡೈಮಂಡ್ ನೀಲಿ, ಕಳಾವರ್ ಹಸಿರು ಇರುತ್ತೆ. ಇಸ್ಪೀಟನ್ನು ಕಳಾವರ್ ಅಂದುಕೊಂಡು ಫ್ಲಶ್ (ಒಂದೇ ಗುರುತಿನ ಐದು ಎಲೆ) ಬಂತು ಅಂತ ಪಣದ ಚಿಪ್ಸ್ ಎಲ್ಲ ಮುಂದೆ ತಳ್ಳಿ, ಆಮೇಲೆ ಪೇಚಿಗೆ ಸಿಕ್ಕುವುದು ತಪ್ಪುತ್ತೆ. ಕೆಲವರಿಗೆ ಆ ಬಣ್ಣ ಕಣ್ಣಿಗೆ ಒಗ್ಗಲ್ಲ, ಅದೂ ನಿಜ. ನಾಲ್ಕೈದು ಆಟ ಆಡಿ ನೋಡಿ.

ಪ್ರಶ್ನೆ: ಹೊಸ ಪ್ಯಾಕ್ ಬಿಚ್ಚಿದ ತಕ್ಷಣ ಏನೇನು ಪರೀಕ್ಷೆ ಮಾಡಬೇಕು? ಬೆನ್ನಿನ ಚಿತ್ರ ಹೇಗಿದ್ದರೂ ನಡೆಯುತ್ತಾ?

ಖಂಡಿತ ನಡೆಯಲ್ಲ. ಬೆನ್ನಿನ ಚಿತ್ರವೇ ಮುಖ್ಯ ಅಂದರೂ ತಪ್ಪಲ್ಲ. ಒಂದು ದೊಡ್ಡ ಉದಾಹರಣೆ ಕೊಡುತ್ತೇನೆ. 2012ರಲ್ಲಿ ಹೆಸರಾಂತ ಪೋಕರ್ ಆಟಗಾರ ಫಿಲ್ ಐವಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೋದಲ್ಲಿ ಪುಂಟೋ ಬ್ಯಾಂಕೋ ಅನ್ನುವ ಎಲೆಯಾಟದಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದರು. ಅಲ್ಲಿದ್ದ ಎಲೆಗಳ ಬೆನ್ನಿನ ಚಿತ್ರ ಅಂಚಿನವರೆಗೂ ಹರಡಿತ್ತು. ಎಡ ಅಂಚಿನಲ್ಲಿ ಚಿತ್ರ ಕತ್ತರಿಸಿದ ಜಾಗಕ್ಕೂ ಬಲ ಅಂಚಿನಲ್ಲಿ ಕತ್ತರಿಸಿದ ಜಾಗಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಇತ್ತು. ಐವಿ ತಮಗೆ ಅನುಕೂಲವಾದ ಎಲೆಗಳನ್ನು ಮಾತ್ರ ಹಂಚುವವರ ಕೈಯಿಂದಲೇ ತಿರುಗಿಸಿ ಇಡಿಸಿದರು, ಮುಂದೆ ಬೆನ್ನು ನೋಡಿಯೇ ಗುರುತು ಹಿಡಿದರು. ಕ್ಯಾಸಿನೋ ಹಣ ಕೊಡಲಿಲ್ಲ. ಕೇಸು ಬ್ರಿಟನ್ನಿನ ಸುಪ್ರೀಂ ಕೋರ್ಟ್ ತನಕ ಹೋಗಿ 2017ರಲ್ಲಿ ಐವಿ ಸೋತರು. ಎಲೆ ಕತ್ತರಿಸುವಾಗ ಆದ ಅಷ್ಟು ಸಣ್ಣ ವ್ಯತ್ಯಾಸದಿಂದ ಶುರುವಾಗಿದ್ದು ಇದು.

ಅದಕ್ಕೇ ಸುತ್ತಲೂ ಬಿಳಿ ಅಂಚಿರುವ, ತಲೆಕೆಳಗೆ ಮಾಡಿದರೂ ಒಂದೇ ಥರ ಕಾಣುವ ಬೆನ್ನನ್ನು ಆರಿಸಿ. ಬಿಚ್ಚಿದ ದಿನ 52 ಎಲೆಗಳನ್ನೂ ಬೆನ್ನು ಮೇಲೆ ಮಾಡಿ ಸಾಲಾಗಿ ಹರಡಿ. ಬಿಳಿ ಅಂಚು ಎಡಕ್ಕೂ ಬಲಕ್ಕೂ ಒಂದೇ ಅಗಲ ಇದೆಯಾ, ಎಲ್ಲ ಎಲೆಯಲ್ಲೂ ಹಾಗೇ ಇದೆಯಾ ನೋಡಿ. ಆಮೇಲೆ ಪ್ಯಾಕನ್ನು ನೆಟ್ಟಗೆ ಜೋಡಿಸಿ ನಾಲ್ಕೂ ಬದಿಗೆ ಬೆರಳು ಆಡಿಸಿ, ಒಂದು ಎಲೆ ಹೊರಗೆ ಚಾಚಿದ್ದರೂ ಬೆರಳಿಗೆ ತಾಗುತ್ತೆ. ಒಂದು ರಾಜನ ಎಲೆಯನ್ನೋ ಗುಲಾಮನನ್ನೋ ಮೇಜಿನ ಮೇಲಿನ ದೀಪಕ್ಕೆ ಅಡ್ಡ ಹಿಡಿದು ಬೆನ್ನಿನ ಕಡೆಯಿಂದ ನೋಡಿ. ಬಣ್ಣ ಜಾಸ್ತಿ ಇರೋದು ಚಿತ್ರದ ಎಲೆಗಳಲ್ಲೇ, ನೆರಳು ಕಂಡರೆ ಅವುಗಳಲ್ಲೇ ಮೊದಲು ಕಾಣೋದು. ಮನೆಯ ದೀಪದಲ್ಲೇ ನೆರಳು ಕಂಡರೆ ಆ ಪ್ಯಾಕ್ ವಾಪಸ್ ಕೊಡಿ. ಕೊನೆಗೆ ಒಂದು ಎಲೆಯನ್ನು ಮೆಲ್ಲಗೆ ಬಗ್ಗಿಸಿ ಬಿಡಿ, ಮೇಜಿನ ಮೇಲಿಟ್ಟಾಗ ಮೂಲೆ ಎದ್ದು ನಿಲ್ಲಬಾರದು.

ಪ್ರಶ್ನೆ: ಆರು ತಿಂಗಳಾದ ಮೇಲೆ ನಮ್ಮ ಪಿವಿಸಿ ಎಲೆಗಳು ದೋಣಿಯ ಹಾಗೆ ಬಾಗಿವೆ. ಎಲೆ ಸರಿಯಿಲ್ಲ ಅಂತಲಾ?

ಎಲೆಯ ತಪ್ಪೇ ಇರಬೇಕಿಲ್ಲ, ಕಲಸುವ ರೀತಿಯನ್ನೂ ನೋಡಿ. ಪ್ಯಾಕನ್ನು ಎರಡು ಪಾಲು ಮಾಡಿ, ಹೆಬ್ಬೆರಳಿನಿಂದ ಪರ್ರ್ ಅಂತ ಬಿಡುತ್ತಾ ಒಂದರೊಳಗೊಂದು ಸೇರಿಸುತ್ತೇವಲ್ಲ, ಆಗ ಕೆಲವರು ಇಡೀ ಎಲೆಯನ್ನೇ ಬಿಲ್ಲಿನ ಹಾಗೆ ಬಗ್ಗಿಸುತ್ತಾರೆ. ಆಮೇಲೆ ಕಮಾನು ಮಾಡಿ ಬೀಳಿಸುವುದು ಬೇರೆ. ನೋಡೋಕೆ ಚಂದ, ನಿಜ. ಆದರೆ ಪಿವಿಸಿಗೆ ಒಂದು ಗುಣ ಇದೆ, ಒಂದೇ ಕಡೆಗೆ ಮತ್ತೆ ಮತ್ತೆ ಬಗ್ಗಿಸಿದರೆ ಆ ಬಾಗು ಉಳಿದುಬಿಡುತ್ತೆ. ಪ್ಯಾಕನ್ನು ಮೇಜಿಗೆ ಒತ್ತಿ ಹಿಡಿದು, ಮೂಲೆಗಳನ್ನಷ್ಟೇ ಒಂದು ಬೆರಳಿನ ಎತ್ತರಕ್ಕೆ ಎತ್ತಿ ಕಲಸಿ. ಅಷ್ಟೇ ಸಾಕು.

ಈಗ ಬಾಗಿರುವ ಎಲೆಗಳನ್ನು ಜೋಡಿಸಿ, ದಪ್ಪ ಪುಸ್ತಕಗಳ ಕೆಳಗೆ ಎರಡು ದಿನ ಇಡಿ. ಸ್ವಲ್ಪ ಬಾಗಿದ್ದರೆ ಸರಿಹೋಗುತ್ತೆ. ಬಿಸಿ ಮಾಡಿ ಸರಿಪಡಿಸುವ ಯೋಚನೆ ಮಾತ್ರ ಬೇಡ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮರೆತು ಬಿಟ್ಟರೂ ಪ್ಯಾಕ್ ಕೆಟ್ಟುಹೋಗಬಹುದು.

ಪ್ರಶ್ನೆ: ಆಟದ ನಡುವೆ ಜ್ಯೂಸ್ ಚೆಲ್ಲಿ ಎಲೆಗಳು ಅಂಟಂಟಾಗಿವೆ. ತೊಳೆಯಬಹುದಾ?

ಪೂರ್ತಿ ಪ್ಲಾಸ್ಟಿಕ್ ಎಲೆಯಾದರೆ ಧಾರಾಳವಾಗಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದೆರಡು ಹನಿ ಹಾಕಿ, ಮೆತ್ತನೆ ಬಟ್ಟೆ ಅದ್ದಿ ಹಿಂಡಿ, ಒಂದೊಂದೇ ಎಲೆಯನ್ನು ಎರಡೂ ಕಡೆ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಪೂರ್ತಿ ಒಣಗುವ ತನಕ ಒಂದರ ಮೇಲೊಂದು ಪೇರಿಸಬೇಡಿ. ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಹತ್ತಿರಕ್ಕೂ ತರಬೇಡಿ. ಆ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತೆ, ಅದು ಸೆಲ್ಯುಲೋಸ್ ಅಸಿಟೇಟನ್ನು ಕರಗಿಸಿಬಿಡುತ್ತೆ. ಚೆಲ್ಲದೇ ಇದ್ದರೂ ಆಗಾಗ ಹೀಗೆ ಒರೆಸಿ. ಕೈಯ ಜಿಡ್ಡು ಕೂತರೆ ಎರಡು ಎಲೆ ಅಂಟಿಕೊಂಡು ಒಟ್ಟಿಗೆ ಹೋಗುತ್ತವೆ. ತುಂಬಾ ಜನ ಆಗ ಎಲೆ ಹಳೇದಾಯ್ತು ಅಂತ ಬಿಸಾಡ್ತಾರೆ, ಅದಕ್ಕೆ ಬೇಕಿದ್ದದ್ದು ಸುಮ್ನೆ ಒಂದು ಸ್ನಾನ.

ಪ್ರಶ್ನೆ: ಒಂದೇ ಡಬ್ಬಿಯಲ್ಲಿ ಕೆಂಪು, ನೀಲಿ ಎರಡು ಪ್ಯಾಕ್ ಯಾಕೆ ಕೊಡುತ್ತಾರೆ? ಒಂದು ಸಾಲದಾ?

ಒಬ್ಬರು ಕೆಂಪು ಹಂಚುತ್ತಿರುವಾಗ ಇನ್ನೊಬ್ಬರು ನೀಲಿ ಕಲಸಿಟ್ಟಿರಲಿ ಅಂತ. ಆಗ ಕಲಸುವವರಿಗೆ ಅವಸರ ಇರಲ್ಲ, ಚೆನ್ನಾಗಿ ಕಲಸುತ್ತಾರೆ. ಎಷ್ಟು ಸಲ ಕಲಸಬೇಕು ಅನ್ನುವುದಕ್ಕೆ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ಅನ್ನುವ ಇಬ್ಬರು ಗಣಿತಜ್ಞರು 1992ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಎರಡು ಪಾಲು ಮಾಡಿ ಒಂದರೊಳಗೊಂದು ಸೇರಿಸುವ ರೀತಿಯಲ್ಲಿ ಏಳು ಸಲ ಕಲಸಿದರೆ 52 ಎಲೆಗಳು ಸಾಕಷ್ಟು ಚೆನ್ನಾಗಿ ಬೆರೆಯುತ್ತವೆ. ಒಂದೇ ಪ್ಯಾಕ್ ಇಟ್ಟುಕೊಂಡು ಏಳು ಸಲ ಕಲಸುತ್ತಾ ಕೂತರೆ ಉಳಿದವರು ಫೋನ್ ತೆಗೀತಾರೆ ಅಲ್ವಾ?

ಜೊತೆಗೆ ಒಂದು ಕಟ್ ಕಾರ್ಡ್ ತಗೊಳ್ಳಿ. ಎಲೆಯಷ್ಟೇ ಅಳತೆಯ, ಒಂದೇ ಬಣ್ಣದ ಪ್ಲಾಸ್ಟಿಕ್ ತುಂಡು ಅದು. ಪ್ಯಾಕಿನ ಅಡಿಗೆ ಇಟ್ಟರೆ ಹಂಚುವಾಗ ಕೆಳಗಿನ ಎಲೆಯ ಮುಖ ಯಾರಿಗೂ ಕಾಣಲ್ಲ. ಮೇಜಿಗೆ ಬಟ್ಟೆ ಹಾಸಿ. ಬರೀ ಮರದ ಮೇಲೆ ಪ್ಲಾಸ್ಟಿಕ್ ಎಲೆ ಹಂಚಿದರೆ ಜಾರಿ ನೆಲಕ್ಕೇ ಹೋಗುತ್ತೆ. ಅದೂ ಅಲ್ಲದೆ ಚಪ್ಪಟೆ ಬಿದ್ದ ಎಲೆಯನ್ನು ಎತ್ತಲು ಉಗುರು ಹಾಕಬೇಕಾಗುತ್ತೆ. ಬಟ್ಟೆಯಾದರೆ ಸ್ವಲ್ಪ ಕುಗ್ಗಿ ಬೆರಳಿಗೆ ಜಾಗ ಕೊಡುತ್ತೆ.

ಪ್ರಶ್ನೆ: ಒಂದು ಎಲೆ ಕಳೆದುಹೋಗಿದೆ. ಜೋಕರ್ ಮೇಲೆ ಪೆನ್ನಿನಲ್ಲಿ ‘ಆಠೀನ್ ರಾಣಿ’ ಅಂತ ಬರೆದು ಸೇರಿಸಿದರೆ ಆಗುತ್ತಾ?

ಬೇರೆ ಆಟಕ್ಕಾದರೂ ಹೇಗೋ ನಡೆಯಬಹುದು, ಪೋಕರ್‌ಗೆ ಬೇಡ. ಇಷ್ಟು ದಿನ ಆ ಜೋಕರ್ ಡಬ್ಬಿಯಲ್ಲೇ ಕೂತಿತ್ತು. ಉಳಿದ 51 ಎಲೆಗಳು ನೂರಾರು ಸಲ ಕೈಯಾಡಿ ಹೊಳಪು ಕಳೆದುಕೊಂಡಿವೆ, ಸಣ್ಣ ಸಣ್ಣ ಗೀರು ಬಿದ್ದಿವೆ. ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ, ಜೋಕರ್‌ನ ಬೆನ್ನು ಬೇರೆಯೇ ಥರ ಮಿನುಗುತ್ತೆ. ಅದೇ ಕಂಪನಿಯ ಹೊಸ ಪ್ಯಾಕಿನಿಂದ ರಾಣಿಯನ್ನು ತಂದು ಸೇರಿಸಿದರೂ ಇದೇ ಕಥೆ. ಆ ಪ್ಯಾಕನ್ನು ಪೋಕರ್‌ನಿಂದ ತೆಗೆದುಬಿಡಿ. ಮುಂದಿನ ಪ್ಯಾಕ್ ಬಂದ ಮೇಲೆ ಆಟ ಮುಗಿದ ತಕ್ಷಣ, ಎಲ್ಲರೂ ಇನ್ನೂ ಕೂತಿರುವಾಗಲೇ, 52 ಎಣಿಸಿ ಡಬ್ಬಿಗೆ ಹಾಕಿ. ಎಲೆ ಸಿಗದಿದ್ದರೆ ಕುರ್ಚಿ ಕೆಳಗೆ, ಮೇಜಿನ ಬಟ್ಟೆಯ ಮಡಿಕೆಯಲ್ಲಿ ಹುಡುಕಲು ಎಂಟು ಜನ ಅಲ್ಲೇ ಇರ್ತಾರೆ.